ತಿದ್ದುಪಡಿ ಚೀಟಿಯ ಕೆಳಗೆ

ಸರೋಜಿನಿ ಚೇಚ್ಚಿ, ನಾನು ನಿಮಗೆ ಸುಳ್ಳು ಹೇಳಿದೆ. ಅನುಮತಿ ಬೇಕಿರಲಿಲ್ಲ. ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷಿ ಹೇಳಲು ದಿಲ್ಲಿಯ ಅನುಮತಿಯಾಗಲಿ, ನಮ್ಮ ಸಾಹೇಬರ ಅನುಮತಿಯಾಗಲಿ, ಯಾರದೂ ಬೇಕಿರಲಿಲ್ಲ. ಅದು ನಿಯಮದ ಪುಸ್ತಕದಲ್ಲೇ ಇತ್ತು — ನಾನು ನಿಮಗೆ ತೋರಿಸಿದ ಪುಟದ ಹಿಂಬದಿಯಲ್ಲಿ. ನಾನು ಪುಟ ತಿರುಗಿಸಲಿಲ್ಲ. ನೀವೂ ತಿರುಗಿಸಲಿಲ್ಲ, ಏಕೆಂದರೆ ಪುಸ್ತಕ ನನ್ನ ಕೈಯಲ್ಲಿತ್ತು, ಮತ್ತು ನೀವು ನನ್ನನ್ನು ನಂಬಿದ್ದಿರಿ.

ಇದಕ್ಕಿಂತ ಮೊದಲಿನ ಸುಳ್ಳು ಇನ್ನೊಂದಿದೆ. ಅದನ್ನೂ ಹೇಳುತ್ತೇನೆ — ಆದರೆ ಮೊದಲಿನಿಂದ ಹೇಳದಿದ್ದರೆ ಎಲ್ಲೋ ಒಂದು ಕಡೆ ಮತ್ತೆ ತಪ್ಪಿಸಿಕೊಂಡುಬಿಡುತ್ತೇನೆ. ನನ್ನನ್ನು ನಾನು ಬಲ್ಲೆ.

ನಾನು ಹುಟ್ಟಾ ಅಂಜುಬುರುಕ. ಹಗ್ಗ ಕಂಡರೂ ಹಾವೆನ್ನುವವನು. ಧಾರವಾಡದಲ್ಲಿ ಬಿ.ಎ. ಮುಗಿಸಿ ಮೂರು ವರ್ಷ ಕೆಲಸವಿಲ್ಲದೆ ಅಪ್ಪನ ಮುಖ ತಪ್ಪಿಸಿ ಓಡಾಡಿದವನಿಗೆ, ಕೇಂದ್ರ ಸರ್ಕಾರದ ಗುಮಾಸ್ತನ ಕೆಲಸ ಸಿಕ್ಕಿ ಕೊಚ್ಚಿಗೆ ಹೋಗು ಎಂದು ಆಜ್ಞೆ ಬಂದಾಗ, ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆಯೇ. ಈ ಕೆಲಸ ಹೋದರೆ? ಕೆಲಸಕ್ಕೆ ಸೇರುವ ಮೊದಲೇ ಅದು ಹೋಗುವ ಯೋಚನೆ! ನಮ್ಮದು ಮಟ್ಟಾಂಚೇರಿಯ ಬೋಟು ಜೆಟ್ಟಿಯ ಹತ್ತಿರ ಹಳೆಯ ಮೆಣಸಿನ ಗೋದಾಮಿನ ಮಹಡಿಯ ಮೇಲಿದ್ದ ಸಣ್ಣ ಕಚೇರಿ. ಹೊರದೇಶಕ್ಕೆ ಹೋಗುವ ಮೆಣಸು, ಒಣಶುಂಠಿಗಳ ದರ್ಜೆ ನೋಡಿ ಮುದ್ರೆ ಒತ್ತುವುದು ಅದರ ಕೆಲಸ. ಮೊದಲ ವಾರ ಮೆಣಸಿನ ಘಾಟಿಗೆ ಸೀನುತ್ತಲೇ ಇದ್ದೆ. ನೀವು ಟೈಪ್‌ರೈಟರಿನ ಹಿಂದಿನಿಂದ ತಲೆಯೆತ್ತಿ ನೋಡಿ, ಊರಿಗೆ ಹೊಸ ಮೂಗು ಬಂದಿದೆ ಎಂದು ನಕ್ಕಿರಿ. ಆಮೇಲೆ, ಚೇಚ್ಚಿ ಎಂದರೆ ಅಕ್ಕನೇ ತಾನೇ, ನಿಮ್ಮ ಸೋದರತ್ತೆಯ ಮನೆಯ ಹಿಂಬದಿಯ ಎರಡು ಕೋಣೆಗಳನ್ನು ಎರ್ನಾಕುಳಂನಲ್ಲಿ ನನಗೂ ಹೆಂಡತಿಗೂ ಕೊಡಿಸಿದಿರಿ. ಶಾಂತಾಳಿಗೆ ಅಕ್ಕಿಹಿಟ್ಟಿನ ಪುಟ್ಟು ಬೇಯಿಸಲು ಕಲಿಸಿದಿರಿ, ಅವಳ ಜೋಳದ ರೊಟ್ಟಿ ತಿಂದು ಇದೊಳ್ಳೆ ಹಪ್ಪಳ ಎಂದಿರಿ. ನನಗೆ ಮಲಯಾಳ ಕಲಿಸಿದಿರಿ. ನೀವು ಹೇಳಿಕೊಟ್ಟ ಮೊದಲ ಮಾತು ‘ಪೇಡಿಕ್ಕಂಡ’. ಹೆದರಬೇಡ. ನಾನು ಮೊದಲು ಕಲಿಯಬೇಕಾದ ಮಾತು ಯಾವುದು ಎಂದು ನಿಮಗೆ ಅಷ್ಟು ಬೇಗ ಹೇಗೆ ಗೊತ್ತಾಯಿತೋ.

ನನಗೆ ವಹಿಸಿದ್ದು ನಿಯಮದ ಪುಸ್ತಕಗಳ ಕೆಲಸ. ತಿಂಗಳಿಗೊಮ್ಮೆ ದಿಲ್ಲಿಯಿಂದ ತಿದ್ದುಪಡಿ ಚೀಟಿಗಳ ಕಟ್ಟು ಬರುತ್ತಿತ್ತು. ಒಂದೊಂದನ್ನೂ ಕತ್ತರಿಸಿ, ಯಾವ ನಿಯಮ ಬದಲಾಗಿದೆಯೋ ಅದರ ಮೇಲೆ ಅಂಟಿಸಬೇಕು. ಮೊದಲ ದಿನ ನಾನು ಚೀಟಿಯ ಬೆನ್ನಿಗೆಲ್ಲ ಗೋಂದು ಬಳಿದದ್ದನ್ನು ಕಂಡು ನೀವು ಎದ್ದು ಬಂದು ಕೈ ಹಿಡಿದಿರಿ. ಗೋಂದು ಎಡ ಅಂಚಿಗೆ ಮಾತ್ರ. ಹೊಸ ನಿಯಮ ಮೇಲೆ ಕೂರಬೇಕು, ಆದರೆ ಎತ್ತಿ ನೋಡಿದರೆ ಹಳೆಯದು ಕೆಳಗೆ ಕಾಣಬೇಕು. ಯಾವತ್ತೋ ಯಾರಿಗೋ ಬೇಕಾಗುತ್ತದೆ. ನೀವು ಇದನ್ನೆಲ್ಲ ಮಲಯಾಳದಲ್ಲೇ ಹೇಳಿದ್ದು, ನನಗೆ ಈಗ ನೆನಪಾಗುವುದು ಕನ್ನಡದಲ್ಲಿ. ಕಚೇರಿಯಲ್ಲಿ ಇನ್ನಾರೂ ಆ ಪುಸ್ತಕಗಳನ್ನು ತೆರೆಯುತ್ತಿರಲಿಲ್ಲ. ಆ ಇಂಗ್ಲಿಷು ಅಷ್ಟು ಗಂಟುಗಂಟಾಗಿರುತ್ತಿತ್ತು. ರಜೆ, ಬಡ್ತಿ, ವರ್ಗಾವಣೆ, ಏನೇ ಇರಲಿ, ಗುರುನಾಥನನ್ನು ಕೇಳಿ ಎನ್ನುತ್ತಿದ್ದರು. ನಾನು ಹೇಳಿದ್ದೇ ನಿಯಮ. ಅಂಜುಬುರುಕನ ಬಾಯಲ್ಲಿ ದಿಲ್ಲಿಯೇ ಮಾತಾಡುತ್ತಿತ್ತು ನೋಡಿ.

ಮುಷ್ಕರದ ವಿಚಾರ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಆ ದಿನಗಳ ಗಾಳಿ ನೆನಪಾಗಲಿ ಎಂದು. ಬೆಲೆ ಏರುತ್ತಿತ್ತು, ಅಕ್ಕಿ ಸಿಗುತ್ತಿರಲಿಲ್ಲ. ಸಂಬಳ ಹೆಚ್ಚಿಸಿ ಎಂದು ದೇಶದ ಕೇಂದ್ರ ನೌಕರರೆಲ್ಲ ಒಂದು ದಿನ ಕೆಲಸ ನಿಲ್ಲಿಸುವುದೆಂದು ತೀರ್ಮಾನವಾಯಿತು. ದಿಲ್ಲಿ ಸುಗ್ರೀವಾಜ್ಞೆ ಹೊರಡಿಸಿತು — ಒಂದು ದಿನ ಕೆಲಸ ನಿಲ್ಲಿಸಿದರೂ ಅಪರಾಧ, ನಿಲ್ಲಿಸಿ ಎಂದವನೂ ಅಪರಾಧಿ, ವಾರಂಟಿಲ್ಲದೆ ಹಿಡಿಯಬಹುದು. ತಿರುವನಂತಪುರದ ಸರ್ಕಾರ ಅದಕ್ಕೆ ಬಗ್ಗಲಿಲ್ಲ. ಹಸಿವು ಎಂದವರನ್ನು ಹಿಡಿಯಲು ನಮ್ಮ ಪೊಲೀಸರನ್ನು ಕೊಡುವುದಿಲ್ಲ ಎಂದಿತು. ಎಲ್ಲರಿಗೂ ಅದರಿಂದ ಧೈರ್ಯ ಬಂತು. ನನಗೆ ಮಾತ್ರ ಹೆದರಿಕೆ ಎರಡಾಯಿತು. ಎರಡು ಸರ್ಕಾರಗಳು ಹೋರಿಗಳಂತೆ ಕೊಂಬು ಕೂಡಿಸಿ ನಿಂತರೆ ನಡುವೆ ಸಿಕ್ಕ ಗುಮಾಸ್ತನ ಗತಿಯೇನು? ನಾನು ಇನ್ನೂ ಖಾಯಂ ಆಗಿರಲಿಲ್ಲ. ಶಾಂತಾಳಿಗೆ ಏಳು ತಿಂಗಳು.

ಆ ಬೆಳಿಗ್ಗೆ ಬೇಕೆಂದೇ ಎರಡು ಬೋಟು ಬಿಟ್ಟು ಮೂರನೆಯದನ್ನು ಹತ್ತಿದೆ. ಹೋದ ಹಾಗೂ ಆಗಬೇಕು, ಹೋಗದ ಹಾಗೂ ಆಗಬೇಕು. ಅಡ್ಡಗೋಡೆಯ ಮೇಲೆ ದೀಪ ಇಡುವವನ ಯೋಚನೆ. ಜೆಟ್ಟಿಯಲ್ಲಿ ಇಳಿದಾಗ ಕಚೇರಿಯ ಬಾಗಿಲಲ್ಲಿ ನೀವೆಲ್ಲ ನಿಂತಿದ್ದಿರಿ. ಪೊಲೀಸರು ದೂರದಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ಕಾಲು ಮುಂದೆ ಹೋಗಲಿಲ್ಲ. ಆಗ ನೀವು ಗುಂಪಿನಿಂದ ಹೊರಬಂದು ನನ್ನ ಹತ್ತಿರ ಬಂದಿರಿ — ಎಲ್ಲರೂ ನೋಡುತ್ತಿದ್ದರು — ನನ್ನ ಭುಜದ ಮೇಲೆ ಕೈಯಿಟ್ಟು, ಮಗನೇ ಎಂದು ಕರೆದು, ಮೆಲ್ಲಗೆ ಹೇಳಿದಿರಿ:

“ನೀನು ಒಳಗೆ ಹೋಗು, ಮೋನೇ. ನಿನ್ನದು ಇನ್ನೂ ಹಸಿ ಕೆಲಸ. ಯಾರೂ ಏನೂ ಅನ್ನೋದಿಲ್ಲ, ನಾನು ಹೇಳಿದ್ದೇನೆ. ಪೇಡಿಕ್ಕಂಡ.”

ಗುಂಪು ದಾರಿ ಬಿಟ್ಟಿತು. ನಾನು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದೆ.

ಮೇಲೆ ಸಾಹೇಬರು ಒಬ್ಬರೇ ಕುಳಿತಿದ್ದರು. ಕಿಟಕಿಯಿಂದ ಜೆಟ್ಟಿ ಕಾಣುತ್ತಿತ್ತು. ಗಡಿಯಾರ ನೋಡಿದರು, ಒಂದು ಗಂಟೆ ತಡ ಯಾಕೆ ಎಂದರು. ಬೇಕೆಂದೇ ತಡಮಾಡಿದೆ ಎಂದರೆ ಅರ್ಧ ಮುಷ್ಕರ ಮಾಡಿದ ಹಾಗೆ. ಅವರೇ ಕೇಳಿದರು — ತಡೆದರೇ? ಹೌದು ಎಂದೆ. ಆ ‘ಹೌದು’ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ಅದೇ ನಿಜವೆನ್ನಿಸಿತು. ಯಾರು ಎಂದರು. ಕಿಟಕಿಯಿಂದ ಅವರು ನೋಡಿದ್ದು ಒಬ್ಬರನ್ನೇ, ನನ್ನ ಭುಜದ ಮೇಲೆ ಕೈಯಿಟ್ಟವರನ್ನು. ನಾನು ಬೇರೆ ಹೆಸರು ಹೇಳುವ ಹಾಗಿರಲಿಲ್ಲ. ಹೆಸರೇ ಹೇಳದೆ ಇರಬಹುದಿತ್ತು. ಅದು ಆಗ ಹೊಳೆಯಲಿಲ್ಲ. ಇಲ್ಲ — ಹೊಳೆದಿತ್ತು.

ಸರೋಜಿನಿ, ಎಂದೆ.

ಅವರು ಹಾಳೆ ತೆಗೆದು ಇಂಗ್ಲಿಷಿನಲ್ಲಿ ಬರೆದರು. ನಾನು ಹೇಳಿದ್ದಕ್ಕಿಂತ ಬರೆದದ್ದು ಹೆಚ್ಚಿತ್ತು. ಭುಜ ಹಿಡಿದು ಹಿಂದಕ್ಕೆ ತಳ್ಳಿದರು, ಒಳಗೆ ಹೋದರೆ ನೋಡಿಕೊಳ್ಳುತ್ತೇವೆಂದು ಬೆದರಿಸಿದರು, ಎಂದು. ಓದಿ ರುಜು ಹಾಕು ಎಂದರು. ಓದಿದೆ. ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ಕಚೇರಿಯಲ್ಲಿ ಇಂಗ್ಲಿಷು ಓದುವುದೇ ನನ್ನ ಕೆಲಸವಾಗಿತ್ತು. ರುಜು ಹಾಕಿದೆ. ಕೆಳಗೆ ನೀವು ಘೋಷಣೆ ಕೂಗುತ್ತಿದ್ದಿರಿ, ನಿಮ್ಮ ದನಿ ಬೇರೆಯಾಗಿ ಕೇಳುತ್ತಿತ್ತು.

ಮಿಕ್ಕವರೆಲ್ಲ ಅಮಾನತಾಗಿ, ಎರಡು ತಿಂಗಳಲ್ಲಿ ಮತ್ತೆ ಒಳಗೆ ಬಂದರು. ನಿಮ್ಮೊಬ್ಬರನ್ನು ತೆಗೆದೇ ಹಾಕಿದರು. ಆಜ್ಞೆಯಲ್ಲಿ ‘ಬಲಪ್ರಯೋಗ’ ಎಂದಿತ್ತು. ಸಾಕ್ಷಿಯ ಹೆಸರಿರಲಿಲ್ಲ, ಒಬ್ಬ ಸಹೋದ್ಯೋಗಿ ಎಂದಷ್ಟೇ ಇತ್ತು. ಅದನ್ನು ಓದಿ ನೀವು ಅತ್ತಿರಾ, ನನಗೆ ಗೊತ್ತಿಲ್ಲ. ಕಣ್ಣು ಕಾಣದ ನಿಮ್ಮ ಅಮ್ಮನಿಗೆ ಏನು ಹೇಳಿದಿರೋ ಅದೂ ಗೊತ್ತಿಲ್ಲ. ನಾನು ಹದಿನೈದು ದಿನ ನಿಮ್ಮ ಮನೆಯ ಕಡೆ ಸುಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಯಾರು ನನ್ನ ಕಡೆ ನೋಡಿದರೂ ಬೆವರುತ್ತಿದ್ದೆ. ಕೊನೆಗೆ ನೀವೇ ಬಂದಿರಿ. ಶಾಂತಾಳಿಗೆ ದಿನ ತುಂಬಿತ್ತು. ಎಣ್ಣೆಯ ಬಾಟಲಿ, ಹಳೆಯ ಸೀರೆಯ ತುಂಡುಗಳ ಗಂಟು ಹಿಡಿದುಕೊಂಡು ಬಂದು, ಇನ್ನು ನನಗೂ ಬೇರೆ ಕೆಲಸವಿಲ್ಲವಲ್ಲ ಎಂದು ನಕ್ಕು, ನಲವತ್ತು ದಿನ ನಮ್ಮ ಮನೆಯಲ್ಲಿ ಬಾಣಂತನ ಮಾಡಿದಿರಿ. ನನ್ನ ಮಗಳನ್ನು ಮೊದಲು ಎತ್ತಿಕೊಂಡವರು ನೀವು.

ಒಂದು ದಿನ ಮಗುವಿಗೆ ಎಣ್ಣೆ ತೀಡುತ್ತ, ತಲೆಯೆತ್ತದೆ ಹೇಳಿದಿರಿ — ಯಾರೋ ಹೆದರಿದವನು ಹೇಳಿರಬೇಕು, ಪಾಪ, ಅವನಿಗೂ ಹೆಂಡತಿ ಮಕ್ಕಳಿರಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ. ಗೊತ್ತಿದ್ದೇ ಹೇಳಿದಿರೋ ಎಂದು ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಇಲ್ಲ, ಗೊತ್ತಿರಲಿಲ್ಲ. ಗೊತ್ತಿದ್ದರೆ ನೀವು ನನ್ನನ್ನು ಸಾಕ್ಷಿಗೆ ಕರೆಯುತ್ತಿರಲಿಲ್ಲ.

ಅಷ್ಟರಲ್ಲಿ ತಿರುವನಂತಪುರದಲ್ಲಿ ಮಸೂದೆ ಬಂತು. ದಿಲ್ಲಿಯ ಸುಗ್ರೀವಾಜ್ಞೆಯನ್ನು ಅಳಿಸುವ ಅಧಿಕಾರ ರಾಜ್ಯಕ್ಕಿರಲಿಲ್ಲ; ಆದರೆ ಅದರಿಂದ ಬೀದಿಗೆ ಬಿದ್ದವರನ್ನು ತನ್ನ ಕಚೇರಿಗಳಿಗೆ, ಹಿಂದಿನ ಸೇವೆಯ ಲೆಕ್ಕದ ಸಮೇತ, ಕರೆದುಕೊಳ್ಳಲು ಯಾರಪ್ಪಣೆಯೂ ಬೇಡ ಎಂದು ಅದರಲ್ಲಿ ಬರೆದಿದ್ದರು. ಬಲಪ್ರಯೋಗ ಮಾಡಿದವರನ್ನು ಮಾತ್ರ ಬಿಟ್ಟು. ಯಾರು ಮಾಡಿದರು, ಯಾರ ಮೇಲೆ ಸುಳ್ಳು ಹೊರಿಸಿದರು ಎಂದು ತಿಳಿಯಲು ಶಾಸಕರ ಸಮಿತಿ ಸಾಕ್ಷಿ ಕೇಳುವುದೆಂದಾಯಿತು. ನೀವು ಪತ್ರಿಕೆ ಹಿಡಿದುಕೊಂಡು ಓಡಿಬಂದಿರಿ. ನಿಮಗೆ ಬೇಕಿದ್ದದ್ದು ಒಂದೇ: ಆ ದಿನ ಬಾಗಿಲಲ್ಲಿ ಸರೋಜಿನಿ ಯಾರನ್ನೂ ತಡೆಯಲಿಲ್ಲ ಎಂದು ಹೇಳುವ ಒಬ್ಬ ಸಹೋದ್ಯೋಗಿ.

“ನೀನು ಸಾಕು, ಗುರು. ನಿನ್ನನ್ನು ಒಳಗೆ ಕಳಿಸಿದವಳೇ ನಾನು. ಅಷ್ಟು ಹೇಳಿದರೆ ಸಾಕು. ಆದರೆ ನಿನ್ನ ಕೆಲಸಕ್ಕೆ ತೊಂದರೆಯಾಗಬಾರದು. ಪುಸ್ತಕದಲ್ಲಿ ಏನಿದೆ ನೋಡು. ಅದು ಬೇಡ ಅಂದರೆ ಬೇಡ.”

ಸಮಿತಿಯ ಮುಂದೆ ನಿಂತರೆ ನನ್ನ ಹೆಸರು ಬರುತ್ತದೆ. ನನ್ನ ಹೆಸರು ಬಂದರೆ ಸಾಹೇಬರು ಆ ಹಾಳೆಯನ್ನು ಹೊರಗೆ ತೆಗೆಯುತ್ತಾರೆ. ಅಲ್ಲಿ ಒಂದು, ಇಲ್ಲಿ ಒಂದು ಹೇಳಿದವನು ಜೈಲಿಗೆ ಹೋಗುತ್ತಾನೋ, ಬರಿಯ ಕೆಲಸ ಕಳೆದುಕೊಳ್ಳುತ್ತಾನೋ? ಅದಕ್ಕಿಂತ ಹೆಚ್ಚಾಗಿ, ನಿಮಗೆ ಗೊತ್ತಾಗುತ್ತದೆ. ಇದರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಇವತ್ತಿಗೂ ಹೇಳಲಾರೆ.

ಮರುದಿನ ಮಧ್ಯಾಹ್ನ ನೀವು ಕಚೇರಿಯ ಕೆಳಗೆ ಬಂದಿರಿ. ಮೇಲೆ ಬರಲು ನಿಮಗೆ ಅಪ್ಪಣೆಯಿರಲಿಲ್ಲ. ಪುಸ್ತಕವನ್ನು ನಾನೇ ಕೆಳಗೆ ತಂದೆ. ಮೆಣಸಿನ ಮೂಟೆಗಳ ನಡುವೆ ನಿಂತು ಪುಟ ತೆರೆದು, ಬೆರಳಿಟ್ಟು ಓದಿ ಹೇಳಿದೆ: ಮೇಲಿನವರ ಅನುಮತಿಯಿಲ್ಲದೆ ಯಾವ ನೌಕರನೂ ಯಾವ ವ್ಯಕ್ತಿಯ, ಸಮಿತಿಯ, ಅಧಿಕಾರದ ಮುಂದೆಯೂ ಸಾಕ್ಷಿ ನುಡಿಯತಕ್ಕದ್ದಲ್ಲ. ಪುಟ ಅಲ್ಲಿಗೆ ಮುಗಿಯುತ್ತಿತ್ತು. ಮುಂದಿನ ಬದಿಯಲ್ಲಿತ್ತು — ಸಂಸತ್ತಾಗಲಿ, ರಾಜ್ಯದ ಶಾಸನಸಭೆಯಾಗಲಿ ನೇಮಿಸಿದ ವಿಚಾರಣೆಯಲ್ಲಿ ಹೇಳುವ ಸಾಕ್ಷಿಗೆ ಇದು ಅನ್ವಯಿಸುವುದಿಲ್ಲ. ಅದು ನನಗೆ ಬಾಯಿಪಾಠವಾಗಿತ್ತು. ನಾನು ಪುಸ್ತಕ ಮುಚ್ಚಿದೆ.

ನೀವು ಒಂದು ಮಾತೂ ವಾದಿಸಲಿಲ್ಲ. ಹಾಗಾದರೆ ಬೇಡ ಎಂದಿರಿ.

ಇಷ್ಟಕ್ಕೇ ನಿಲ್ಲಲಿಲ್ಲ. ನಿಮ್ಮ ಪರವಾಗಿ ಹೇಳಲು ಕಚೇರಿಯಲ್ಲಿ ಇನ್ನೂ ಮೂವರಿದ್ದರು. ಅವರೂ ಒಬ್ಬೊಬ್ಬರಾಗಿ ನನ್ನನ್ನೇ ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಒಬ್ಬ ಮಾತ್ರ, ನಾಳೆ ಬಂದು ಪುಸ್ತಕ ನಾನೇ ನೋಡುತ್ತೇನೆ ಎಂದ. ಆ ಸಂಜೆ ಎಲ್ಲರೂ ಬೋಟಿಗೆ ಹೋಗುವುದನ್ನು ಕಾದು, ರಜೆಯ ಲೆಕ್ಕಕ್ಕೆ ಸಂಬಂಧಿಸಿದ ಯಾವುದೋ ಹಳೆಯ ತಿದ್ದುಪಡಿ ಚೀಟಿಯನ್ನು ತೆಗೆದುಕೊಂಡು, ಆ ಹಿಂಬದಿಯ ಸಾಲುಗಳ ಮೇಲೆ ಅಂಟಿಸಿದೆ. ನೀವು ಕಲಿಸಿದ ಹಾಗಲ್ಲ, ಬೆನ್ನಿಗೆಲ್ಲ ಗೋಂದು ಬಳಿದು. ಮೇಲೆ ಬೆರಳಿನಿಂದ ಉಜ್ಜಿ ಉಜ್ಜಿ ಕೂರಿಸಿದೆ. ಮರುದಿನ ಅವನು ಬಂದ, ಮುಂಬದಿ ಓದಿದ, ಪುಟ ತಿರುಗಿಸಿ ರಜೆಯ ಚೀಟಿ ನೋಡಿದ, ತಲೆ ಕೆರೆದುಕೊಂಡು ಹೋದ. ಮೂವರಲ್ಲಿ ಯಾರೂ ಸಾಕ್ಷಿಗೆ ಬರಲಿಲ್ಲ.

ಮನೆಯಲ್ಲಿ ಶಾಂತಾ ಬಿಡಲಿಲ್ಲ.

“ಆಕಿ ನನ್ನ ಬಾಣಂತನ ಮಾಡ್ಯಾಳ್ರೀ. ನೀವು ಕಂಡದ್ದನ್ನ ಹೇಳ್ಲಿಕ್ಕೆ ದಿಲ್ಲಿಯವ್ರನ್ನ ಯಾಕ ಕೇಳಬೇಕು?”

ನಿಯಮ ಎಂದರೆ ನಿಯಮ ಎಂದು ಗದರಿದೆ. ಗಂಡಸಿನ ಗದರಿಕೆಯ ಒಳಗೆ ಎಷ್ಟು ಹೆದರಿಕೆ ಇರುತ್ತದೆಂದು ಅವಳಿಗೆ ಗೊತ್ತಿರಬೇಕು, ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ನಿಮ್ಮ ವಿಚಾರಣೆಯ ದಿನ ತಿರುವನಂತಪುರಕ್ಕೆ ನಾನೂ ಜೊತೆಗೆ ಬಂದೆ. ಆ ದೊಡ್ಡ ಊರಲ್ಲಿ ಒಬ್ಬಳೇ ಹೇಗೆ ಎಂದು ನೀವು ಕೇಳಿದ್ದಿರಿ, ನನಗೆ ಅದು ನೆಪ. ಒಳಗೆ ನನ್ನ ಹೆಸರು ಬರುತ್ತದೆಯೋ ಎಂದು ತಿಳಿಯಬೇಕಿತ್ತು. ದೇವರ ದರ್ಶನಕ್ಕೆಂದು ರಜೆ ಬರೆದು ಕೊಟ್ಟಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ಕಚೇರಿಯವರು ಯಾರಾದರೂ ಇದ್ದಾರೆಯೇ ಎಂದು ಡಬ್ಬಿಯ ಮುಖಗಳನ್ನೆಲ್ಲ ನೋಡುತ್ತಿದ್ದೆ. ನೀವು ಬಾಳೆಲೆಯಲ್ಲಿ ಕಟ್ಟಿ ತಂದಿದ್ದ ಇಡ್ಡಲಿ ಬಿಚ್ಚಿ ಕೊಟ್ಟಿರಿ. ತಂಪಾನೂರ್ ನಿಲ್ದಾಣದಲ್ಲಿ ಇಳಿದು, ನಲ್ಲಿಯಲ್ಲಿ ಮುಖ ತೊಳೆದು, ಸೀರೆಯ ಸೆರಗು ಸರಿಮಾಡಿಕೊಂಡು, ನಾನು ಹೇಗೆ ಕಾಣುತ್ತೇನೆ, ಗೂಂಡಾ ಹಾಗೆ ಕಾಣುತ್ತೇನಾ ಎಂದು ಕೇಳಿದಿರಿ. ನಾನು ನಗಲು ನೋಡಿದೆ.

ಸಮಿತಿ ಕುಳಿತದ್ದು ಹಳೆಯ ಕಟ್ಟಡದ ಉದ್ದನೆಯ ಕೋಣೆಯಲ್ಲಿ. ನಾನು ಹೊರಗಿನ ಜಗಲಿಯ ಬೆಂಚಿನಲ್ಲಿ, ಅರ್ಧ ತೆರೆದ ಬಾಗಿಲ ಪಕ್ಕ. ಒಳಗಿನ ಮಾತೆಲ್ಲ ಕೇಳುತ್ತಿತ್ತು. ಅಧ್ಯಕ್ಷರು ಮುದುಕರು, ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡುತ್ತಿದ್ದರು. ನಿಮ್ಮ ಪರವಾಗಿ ಹೇಳುವ ಸಹೋದ್ಯೋಗಿ ಒಬ್ಬರೂ ಇಲ್ಲವೇ ಎಂದು ಕೇಳಿದರು. ಅವರಿಗೆ ಅನುಮತಿಯಿಲ್ಲ ಸಾರ್ ಎಂದಿರಿ. ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅವರ ದನಿ ಜಗಲಿಯ ತುಂಬ ಕೇಳಿತು:

“ಯಾರು ಹೇಳಿದರು ನಿಮಗೆ? ಶಾಸನಸಭೆಯ ಸಮಿತಿಗೆ ಸಾಕ್ಷಿ ಹೇಳಲು ಯಾರ ಅನುಮತಿಯೂ ಬೇಡ. ಊಟದ ಹೊತ್ತಿನ ನಂತರ ಕರೆದುಕೊಂಡು ಬನ್ನಿ.”

ಓಡಿಹೋಗಬೇಕೆನ್ನಿಸಿತು, ಎದ್ದೂ ನಿಂತೆ. ಅಷ್ಟರಲ್ಲಿ ನೀವು ಹೊರಗೆ ಬಂದಿರಿ. ನಿಮ್ಮ ಮುಖ — ಆ ಮುಖವನ್ನು ನಾನು ಮರೆತಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಬೇಡವಂತೆ ಗುರು, ಅನುಮತಿ ಬೇಡವಂತೆ ಎಂದಿರಿ. ನೀವು ಕೇಳಲೂ ಇಲ್ಲ, ಬಾ ಎನ್ನಲೂ ಇಲ್ಲ. ನಾನೇ ಹೇಳುತ್ತೇನೆಂದು ಕಾದಿರಿ.

“ಅದು ಇಲ್ಲಿಯವರ ಮಾತು, ಚೇಚ್ಚಿ,” ಎಂದೆ. “ಇವರು ದಿಲ್ಲಿಯ ಮೇಲಿನ ಸಿಟ್ಟಿಗೆ ಏನು ಬೇಕಾದರೂ ಹೇಳುತ್ತಾರೆ. ನಮಗೆ ಅನ್ನ ಹಾಕುವುದು ದಿಲ್ಲಿ. ದಿಲ್ಲಿಯ ಪುಸ್ತಕದಲ್ಲಿ ಹಾಗಿಲ್ಲ.”

ನಿಮಗಾಗಿ ದಿಲ್ಲಿಯ ಎದುರು ಕಾನೂನು ಮಾಡಲು ಕುಳಿತ ಸಭೆಯೊಂದು ಬಾಗಿಲಾಚೆಗೆ ಇತ್ತು. ಅವರ ಜಗಳವನ್ನೇ ನನ್ನ ಸುಳ್ಳಿಗೆ ಮುಚ್ಚಳ ಮಾಡಿದೆ. ನೀವು ಒಂದು ಕಡೆ ಆ ಮುದುಕರ ಮಾತು, ಇನ್ನೊಂದು ಕಡೆ ನನ್ನ ಮಾತು ಇಟ್ಟು ನೋಡಿದಿರಿ. ನನ್ನದನ್ನು ನಂಬಿದಿರಿ. ನಾನು ನಡುಗುತ್ತಿದ್ದುದನ್ನು ಕಂಡು ನಿಮಗೆ ಏನೆನ್ನಿಸಿತೋ, ನನ್ನ ಬೆನ್ನು ತಟ್ಟಿ ಮತ್ತೆ ಅದೇ ಮಾತು ಹೇಳಿದಿರಿ. ಪೇಡಿಕ್ಕಂಡ. ಊಟದ ಹೋಟೆಲಿನಲ್ಲಿ ನನಗೆ ಎರಡನೆಯ ಸಲ ಸಾಂಬಾರು ಬಡಿಸಲು ನೀವೇ ಹೇಳಿದಿರಿ.

ಮಧ್ಯಾಹ್ನ ನೀವು ಒಳಗೆ ಹೋದ ಮೇಲೆ, ಸಮಿತಿಯ ಗುಮಾಸ್ತ ಬಾಗಿಲಿಗೆ ಬಂದು, ಸರೋಜಿನಿಯವರ ಪರ ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದು ಕರೆದ. ಜಗಲಿಯಲ್ಲಿ ಇದ್ದವನು ನಾನೊಬ್ಬನೇ. ಅವನು ನನ್ನನ್ನೇ ನೋಡಿದ. ನಾನು ಚಪ್ಪಲಿಯ ಉಂಗುಟ ನೋಡುತ್ತ ಕುಳಿತೆ. ಅವನು ಇನ್ನೊಮ್ಮೆ ಕರೆದು ಬಾಗಿಲು ಎಳೆದುಕೊಂಡ.

ಮಸೂದೆಯ ಕಥೆ ನಿಮಗೆ ಗೊತ್ತೇ ಇದೆ. ಸಭೆಯಲ್ಲಿ ಪಾಸಾಯಿತು, ರಾಷ್ಟ್ರಪತಿಗಳ ಅಂಕಿತಕ್ಕೆಂದು ದಿಲ್ಲಿಗೆ ಹೋಯಿತು, ಅಲ್ಲೇ ಕುಳಿತಿತು. ಆಮೇಲೆ ಇಲ್ಲಿಯ ಸರ್ಕಾರವೇ ಬಿತ್ತು. ಇದನ್ನು ನಾನು ಎಷ್ಟೋ ವರ್ಷ ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗಿದೆ. ನಾನು ಹೇಳಿದ್ದರೂ ಏನಾಗುತ್ತಿತ್ತು, ಮಸೂದೆಯೇ ಕಾನೂನಾಗಲಿಲ್ಲವಲ್ಲ, ಎಂದು. ಆದರೆ ಬೇರೊಂದು ಕಚೇರಿಯ ಇಬ್ಬರು ಹೆಂಗಸರಿಗೆ, ಸಮಿತಿಯ ವರದಿ ಬಂದ ಕೂಡಲೇ, ಮಸೂದೆ ದಿಲ್ಲಿಗೆ ಹೋಗುವ ಮೊದಲೇ, ರಾಜ್ಯ ಸರ್ಕಾರ ಕೆಲಸ ಕೊಟ್ಟಿತು. ಅವರ ಪರವಾಗಿ ಒಬ್ಬ ಸಹೋದ್ಯೋಗಿ ಬಂದು ಸಾಕ್ಷಿ ಹೇಳಿದ್ದ. ಅವರ ಮೇಲಿದ್ದದ್ದೂ ಬಲಪ್ರಯೋಗದ ಆರೋಪವೇ. ಆ ಪಟ್ಟಿ ನಮ್ಮ ಕಚೇರಿಗೆ ಬಂದಾಗ ಅದನ್ನು ಕಡತಕ್ಕೆ ಸೇರಿಸಿದವನು ನಾನು. ಮೂರನೆಯ ಹೆಸರು ನಿಮ್ಮದಾಗಬೇಕಿತ್ತು.

ನೀವು ಕೋರ್ಟಿನ ಹತ್ತಿರ ದಸ್ತಾವೇಜು ಬರೆಯುವವರ ಜಗಲಿಯಲ್ಲಿ ಟೈಪು ಮಾಡುವ ಕೆಲಸ ಹಿಡಿದಿರಿ. ಪುಟಕ್ಕಿಷ್ಟು ಎಂದು. ನನಗೆ ಖಾಯಮಾಯಿತು, ಬಡ್ತಿಯಾಯಿತು, ತಿರುವನಂತಪುರದ ನಮ್ಮ ದೊಡ್ಡ ಕಚೇರಿಗೆ ವರ್ಗವಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತಾರೆ. ತಪ್ಪಲಿಲ್ಲ ಚೇಚ್ಚಿ, ಅದು ಮೇಲೆಯೇ ನಿಂತಿತ್ತು. ತುರ್ತು ಪರಿಸ್ಥಿತಿ ಬಂದಾಗ, ದಿಲ್ಲಿಯ ಮಾತೇ ಕಡೆಯ ಮಾತಾದಾಗ, ಸುತ್ತಲಿನವರೆಲ್ಲ ನನ್ನಷ್ಟೇ ಮೆಲ್ಲಗೆ ಮಾತಾಡತೊಡಗಿದರು. ನನಗೆ ಒಂದು ಕೆಟ್ಟ ಸಮಾಧಾನವಾಯಿತು, ನನ್ನಂಥವರೇ ಎಲ್ಲರೂ ಎಂದು. ಓಣಂ ಬಂದರೆ ನಿಮ್ಮ ಕಾಗದ ಬರುತ್ತಿತ್ತು, ಮಗಳಿಗೆ ನೀವೇ ಹೊಲಿದ ಫ್ರಾಕು ಬರುತ್ತಿತ್ತು. ಅವಳು ಅದನ್ನು ಹಾಕಿಕೊಂಡು ನನ್ನೆದುರು ಕುಣಿಯುತ್ತಿದ್ದಳು.

ಈಗ ದಿಲ್ಲಿಯಲ್ಲಿ ಬೇರೆಯವರು ಬಂದಿದ್ದಾರೆ. ಹಳೆಯ ಮುಷ್ಕರದಲ್ಲಿ ತೆಗೆದುಹಾಕಿದವರ ಕಡತಗಳನ್ನು ಮತ್ತೆ ನೋಡಿ, ಯೋಗ್ಯರನ್ನು ವಾಪಸು ತೆಗೆದುಕೊಳ್ಳಿ ಎಂದು ಆಜ್ಞೆಯಾಗಿದೆ. ನೌಕರರ ವಿಭಾಗದ ಮೇಲ್ವಿಚಾರಕ ನಾನು. ನಿಮ್ಮ ಕಡತ ಕಳೆದ ವಾರ ನನ್ನ ಮೇಜಿಗೇ ಬಂತು. ತೆರೆದರೆ ಆ ಹಾಳೆ. ಕೆಳಗೆ ನನ್ನ ರುಜು, ಆಗಿನ ಚಿಕ್ಕ ರುಜು. ‘ಬಲಪ್ರಯೋಗ ಸಾಬೀತಾಗಿದೆ, ಪರಿಗಣಿಸುವ ಅಗತ್ಯವಿಲ್ಲ’ ಎಂದು ಒಂದು ಸಾಲು ಬರೆದರೆ ಮುಗಿಯಿತು, ಯಾರೂ ಕೇಳುವುದಿಲ್ಲ. ಪೆನ್ನು ಹಿಡಿದು ಕುಳಿತೆ, ಚೇಚ್ಚಿ. ಸುಳ್ಳು ಹೇಳುವುದಿಲ್ಲ — ಒಂದಿಡೀ ದಿನ ಹಾಗೇ ಕುಳಿತಿದ್ದೆ.

ಮೊನ್ನೆ ಮಟ್ಟಾಂಚೇರಿಯ ಹಳೆಯ ದಾಖಲೆಗಳಿಂದ ಆ ಪುಸ್ತಕವನ್ನೂ ತರಿಸಿದೆ. ಚೀಟಿ ಹಾಗೇ ಇತ್ತು. ನೀರು ಹಚ್ಚಿ ಬಿಡಿಸಲು ನೋಡಿದೆ. ಚೀಟಿಯ ಜೊತೆಗೆ ಕೆಳಗಿನ ಅಕ್ಷರಗಳೂ ಎದ್ದು ಬಂದವು, ಪುಟ ತೂತಾಯಿತು.

ಕಡತದಲ್ಲಿ ಬರೆದಿದ್ದೇನೆ. ಈ ಹೇಳಿಕೆ ಸುಳ್ಳು, ಇದನ್ನು ಕೊಟ್ಟವನು ನಾನು, ಸರೋಜಿನಿಯವರು ನನ್ನನ್ನು ತಡೆಯಲಿಲ್ಲ, ಒಳಗೆ ಹೋಗಲು ಹೇಳಿದವರೇ ಅವರು, ಎಂದು ನಾಲ್ಕು ಸಾಲು, ಪೂರ್ತಿ ಹೆಸರಿನ ರುಜು. ಸೋಮವಾರ ಅದು ಮೇಲಿನವರ ಮೇಜಿಗೆ ಹೋಗುತ್ತದೆ. ನನಗೆ ಏನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಹೋಗಿದೆ ಎಂದೇನೂ ಅಂದುಕೊಳ್ಳಬೇಡಿ. ಇದನ್ನು ಬರೆಯುವಾಗಲೂ ಹೊರಗೆ ಸೈಕಲ್ಲು ನಿಂತ ಸದ್ದಾದರೆ ಎದ್ದು ಕಿಟಕಿಯಿಂದ ಇಣುಕುತ್ತೇನೆ. ನಿಮಗೆ ಕೆಲಸ ವಾಪಸು ಬಂದರೂ ಕಳೆದುಹೋದ ಹತ್ತು ವರ್ಷ ಬರುವುದಿಲ್ಲ. ನಿಮ್ಮ ಅಮ್ಮ ಬರುವುದಿಲ್ಲ. ಮಗಳು ಸರ್ಕಾರಿ ಕೆಲಸ ಮಾಡುತ್ತಾಳೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡ ಆ ಮುದುಕಿ, ಜಗಲಿಯ ಟೈಪಿಸ್ಟಿನ ತಾಯಿಯಾಗಿ ಕಣ್ಣು ಮುಚ್ಚಿದರು. ಅದೂ ನನ್ನದೇ ಕೆಲಸ.

ಇಷ್ಟು ಬರೆದು ಇಟ್ಟಿದ್ದನ್ನು ಇವತ್ತು ಬೆಳಿಗ್ಗೆ ಶಾಂತಾ ಓದಿದಳು. ನನಗೆ ಹೇಳದೆ, ಅಡುಗೆಮನೆಯಲ್ಲಿ ನಿಂತು, ಕೊನೆಯವರೆಗೆ. ಆಮೇಲೆ ಬಂದು ಹಾಳೆಗಳನ್ನು ನನ್ನ ಮುಂದೆ ಇಟ್ಟಳು. ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಕೇಳಿದಳು.

“ಕನ್ನಡದಾಗ ಬರದೀರಲ್ರೀ. ಆಕಿಗೆ ಕನ್ನಡ ಎಲ್ಲಿ ಬರ್ತದ?”

ನಾನು ಹಾಳೆಗಳನ್ನು ನೋಡಿದೆ. ನಿಜ. ಚೇಚ್ಚಿ ಚೇಚ್ಚಿ ಎಂದು ಸಾಲು ಸಾಲಿಗೂ ಕರೆದು, ನೀವು ಒಂದಕ್ಷರವನ್ನೂ ಓದಲಾರದ ಭಾಷೆಯಲ್ಲಿ ಎಲ್ಲವನ್ನೂ ಹೇಳಿದ್ದೇನೆ. ನಮ್ಮ ಮಗಳಿಗೂ ಓದಲು ಬಾರದು. ಕೇಳಿದರೆ ತಿಳಿಯುತ್ತದೆ, ಉತ್ತರ ಮಲಯಾಳದಲ್ಲಿ. ಇಡೀ ಊರಿನಲ್ಲಿ ಇದನ್ನು ಓದಬಲ್ಲವಳು ಒಬ್ಬಳೇ, ಅವಳು ಓದಿಯಾಯಿತು. ಗೋಂದನ್ನು ಮತ್ತೆ ಬೆನ್ನಿಗೆಲ್ಲ ಬಳಿದಿದ್ದೆ.

ನಾಳೆ ಭಾನುವಾರ. ಬೆಳಗಿನ ಗಾಡಿಗೆ ಎರ್ನಾಕುಳಂಗೆ ಬರುತ್ತಿದ್ದೇನೆ, ಅಲ್ಲಿಂದ ಬೋಟಿನಲ್ಲಿ ಮಟ್ಟಾಂಚೇರಿಗೆ. ಈ ಹಾಳೆಗಳನ್ನು ತರುವುದಿಲ್ಲ. ನೀವು ಕಲಿಸಿದ ಮಲಯಾಳದಲ್ಲಿ, ನಿಮ್ಮ ಬಾಗಿಲಲ್ಲಿ ನಿಂತು, ಮೊದಲ ಮಾತೇ ಅದನ್ನು ಹೇಳುತ್ತೇನೆ: ಞಾನ್ ಕಳ್ಳಂ ಪರಞ್ಞು. ನಾನು ಸುಳ್ಳು ಹೇಳಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬರುತ್ತೇನೆ. ಬಾಗಿಲು ತೆರೆದಾಗ ನಾನು ನಡುಗುತ್ತಿರುತ್ತೇನೆ, ಅದು ನಿಮಗೆ ಕಾಣುತ್ತದೆ. ನಿಮ್ಮ ಕೈ ನನ್ನ ಭುಜದ ಕಡೆ ಬರುತ್ತದೆ, ಅದೂ ನನಗೆ ಗೊತ್ತು. ದಯವಿಟ್ಟು, ಚೇಚ್ಚಿ, ನಾನು ಹೇಳಿ ಮುಗಿಸುವವರೆಗೆ ನನ್ನನ್ನು ಮುಟ್ಟಬೇಡಿ. ಹೆದರಬೇಡ ಎಂದು ಹೇಳಬೇಡಿ.